ಬಗ್ಗಿದರೆ ಆರಾಮ, ನಿಂತರೆ ನೋವು: ಶಂಕರಪುರದ ಒಬ್ಬ ಮಲ್ಲಿಗೆ ಬೆಳೆಗಾರ್ತಿಯ ಬೆನ್ನುಮೂಳೆ ಆಪರೇಷನ್

ರೋಗಿ 61 ವರ್ಷದ ಹೆಂಗಸು. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಮನೆ, ಮನೆಯ ಹಿಂದೆ ಮಲ್ಲಿಗೆ ತೋಟ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯುವುದು, ಆಮೇಲೆ ನೆಲದ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟುವುದು, ಚೆಂಡು, ಅಟ್ಟೆ ಅಂತ ಲೆಕ್ಕ ಹಾಕಿ ಕಳಿಸುವುದು. ಮದುವೆಯಾಗಿ ಬಂದಂದಿನಿಂದ ಅವರ ದಿನ ಹೀಗೇ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. 42ನೇ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿದ್ದರು.

ನಾನು ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಇವರನ್ನು ಆಪರೇಷನ್‌ಗೆ ಮೊದಲೂ ನೋಡಿದ್ದೇನೆ, ನಂತರವೂ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಸೊಂಟ ನೋವಿಗೆ ಆಪರೇಷನ್ ಅಂದರೆ ನಮ್ಮ ಕಡೆ ಎರಡೇ ಮಾತು ಕೇಳಿಸುತ್ತದೆ. ಒಂದು, "ಮಾಡಿಸ್ಲೇಬೇಡಿ ಮಾರಾಯ್ರೆ, ಕಾಲು ಹೋಗ್ತದೆ." ಇನ್ನೊಂದು, "ಈಗ ಕೀಹೋಲ್ ಬಂದಿದೆ, ಮೂರು ದಿನದಲ್ಲಿ ಮನೆಗೆ ಬರ್ಬಹುದು." ಹೆದರಿಕೆ ಇರುವವರು ಮೊದಲನೆಯದನ್ನು ನಂಬುತ್ತಾರೆ, ನೋವು ತಡೆಯಲಾಗದವರು ಎರಡನೆಯದನ್ನು. ಕೀಹೋಲ್ ಅಂದರೆ ಸಣ್ಣ ಗಾಯದಿಂದ ಮಾಡುವ ಆಪರೇಷನ್. ಈ ಅಮ್ಮನ ವಿಷಯದಲ್ಲಿ ತೀರ್ಮಾನ ಹೇಗಾಯಿತು ಅನ್ನುವುದನ್ನು ಪೂರ್ತಿ ಹೇಳಿದರೆ ಇನ್ನೊಬ್ಬರಿಗೆ ಉಪಯೋಗವಾದೀತು.

ನೋವು ಹೇಳಿದ ರೀತಿ

ಮೊದಲ ದಿನ ಅವರು ಬಂದದ್ದು ಸೊಸೆಯ ಜೊತೆ. ಸೊಸೆಯೇ ಮಾತು ಶುರು ಮಾಡಿದರು. "ಅತ್ತೆಗೆ ಡಿಸ್ಕ್ ಜಾರಿದೆಯಂತೆ. ಬಗ್ಗಿ ಬಗ್ಗಿ ಹೂ ಕೊಯ್ದೇ ಹೀಗಾದದ್ದು." ಅಮ್ಮ ಅಡ್ಡ ಬಂದರು. "ಕೊಯ್ಯುವಾಗ ಎಂಥದೂ ಇಲ್ಲ ಡಾಕ್ಟ್ರೇ. ನೆಟ್ಟಗೆ ನಿಂತ್ರೆ ಆಗುದಿಲ್ಲ. ಕುಂಡೆಯಿಂದ ಕೆಳಗೆ ಹೆಬ್ಬೆರಳಿನವರೆಗೆ ಎಳೀತದೆ. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಎರಡು ಕಡೆ ಕೂತ್ಕೊಳ್ಬೇಕು."

ಈ ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ. ಅವರ ಗಿಡಗಳು ಸೊಂಟದೆತ್ತರ. ಕೊಯ್ಯುವವರು ಮುಂದಕ್ಕೆ ಬಾಗಿಯೇ ನಿಲ್ಲಬೇಕು. ಗಂಟೆಗಟ್ಟಲೆ ಹಾಗೆ ಬಾಗಿ ನಿಂತರೆ ನೋವಿಲ್ಲ, ಐದು ನಿಮಿಷ ನೆಟ್ಟಗೆ ನಿಂತು ಅನ್ನ ಬಸಿಯಲಿಕ್ಕೆ ಆಗುವುದಿಲ್ಲ. ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹೊರಗೆ ಚಾಚಿ ನರ ಒತ್ತಿದವರಲ್ಲಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಅವರಿಗೆ ಬಗ್ಗಿದರೆ, ಕೂತರೆ, ಕೆಮ್ಮಿದರೆ ಜಾಸ್ತಿ.

ಬೆನ್ನುಮೂಳೆಯ ಒಳಗೆ ನರಗಳು ಹೋಗುವ ನಾಳ ಒಂದಿದೆ. ನೆಟ್ಟಗೆ ನಿಂತಾಗ ಸೊಂಟ ಒಳಕ್ಕೆ ಬಾಗುತ್ತದೆ, ನಾಳದ ಹಿಂಬದಿಯ ದಪ್ಪ ಹಳದಿ ಪಟ್ಟಿ ಮಡಚಿಕೊಂಡು ಒಳಕ್ಕೆ ಉಬ್ಬುತ್ತದೆ, ಜಾಗ ಕಿರಿದಾಗುತ್ತದೆ. ಮುಂದಕ್ಕೆ ಬಗ್ಗಿದರೆ ಅದೇ ಪಟ್ಟಿ ಎಳೆದುಕೊಂಡು ತೆಳ್ಳಗಾಗಿ ಜಾಗ ಬಿಡುತ್ತದೆ. ವಯಸ್ಸಾಗಿ ನಾಳ ಮೊದಲೇ ಕಿರಿದಾಗಿದ್ದವರಿಗೆ ಈ ಸಣ್ಣ ವ್ಯತ್ಯಾಸವೇ ದೊಡ್ಡದು. ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯ ಮೇಲೆ ಬಾಗಿಕೊಂಡು ಎಷ್ಟು ಹೊತ್ತು ಬೇಕಾದರೂ ತಿರುಗುತ್ತಾರೆ, ಕೈಬೀಸಿ ನಡೆದರೆ ನೂರು ಹೆಜ್ಜೆ ಆಗುವುದಿಲ್ಲ ಎಂದು ಪಾಠದ ಪುಸ್ತಕಗಳಲ್ಲಿ ಬರೆದಿರುತ್ತದೆ. ಇಲ್ಲಿ ತಳ್ಳುಗಾಡಿಯ ಜಾಗದಲ್ಲಿ ಮಲ್ಲಿಗೆ ಗಿಡ ಇತ್ತು.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೆರಡು ಅನುಮಾನ ಪರಿಹರಿಸಿಕೊಳ್ಳಲೇಬೇಕು. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ನೋವು ಬರುತ್ತದೆ. ಆದರೆ ಅವರಿಗೆ ಸುಮ್ನೆ ನಿಂತರೆ ಸಾಕು, ಕೂರಬೇಕಾಗಿಲ್ಲ. ಇವರಿಗೆ ಕೂತರೇ ಕಡಿಮೆ. ಪಾದದ ನಾಡಿ ಎರಡೂ ಕಡೆ ಚೆನ್ನಾಗಿ ಸಿಗುತ್ತಿತ್ತು. ಇನ್ನೊಂದು, ಸಕ್ಕರೆಯಿಂದಲೇ ನರ ಹಾಳಾಗಿ ಬರುವ ಉರಿ, ಜೋಮು. ನರದ ಪರೀಕ್ಷೆಯಲ್ಲಿ ಅದು ಸ್ವಲ್ಪ ಇದೆ ಎಂದು ಬಂತು. ಆಪರೇಷನ್ ಆದರೂ ಅಂಗಾಲಿನ ಜೋಮು ಹೋಗಲಿಕ್ಕಿಲ್ಲ ಎಂದು ಮೊದಲೇ ಹೇಳಲು ಇದರಿಂದ ಅನುಕೂಲವಾಯಿತು.

ನಾನು ಪರೀಕ್ಷೆ ಮಾಡಿದಾಗ ಬಲಗಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತುವ ಶಕ್ತಿ ಕಡಿಮೆ ಇತ್ತು. ಬೆರಳಿನಿಂದ ಒತ್ತಿ ಹಿಡಿದರೆ ಸೋಲುತ್ತಿತ್ತು. ಆ ಕೆಲಸ ಮುಖ್ಯವಾಗಿ ಎಲ್5, ಅಂದರೆ ಸೊಂಟದ ಐದನೇ ಮೂಳೆಯ ಹತ್ತಿರ ಹೊರಬರುವ ನರದ್ದು. ಒಂದೂವರೆ ವರ್ಷದ ಹಿಂದೆ ಬರೀ ನೋವಿತ್ತು, ಆರು ತಿಂಗಳಿಂದ ಚಪ್ಪಲಿ ಕಾಲಿನಿಂದ ಜಾರುತ್ತಿದೆ ಎಂದರು. ನೋವು ಜಾಸ್ತಿಯಾಗುವುದಕ್ಕಿಂತ ಇದು ನನಗೆ ಹೆಚ್ಚು ಚಿಂತೆ ತಂದ ವಿಷಯ.

ಮಲಗಿಸಿ ತೆಗೆದ ಚಿತ್ರ, ನಿಲ್ಲಿಸಿ ತೆಗೆದ ಚಿತ್ರ

ಬರುವಾಗಲೇ ಎಂಆರ್‌ಐ ತಂದಿದ್ದರು. ರಿಪೋರ್ಟಿನಲ್ಲಿ ಒಂದು ಪುಟ ತುಂಬ ಡಿಸ್ಕ್ ಒಣಗಿದೆ, ಉಬ್ಬಿದೆ, ಸವೆದಿದೆ ಎಂದೇ ಇತ್ತು. ಮನೆಯವರು ಅದನ್ನು ಓದಿ ಬೆನ್ನೇ ಪೂರ್ತಿ ಹಾಳಾಗಿದೆ ಎಂದುಕೊಂಡಿದ್ದರು. ಬೆನ್ನು ನೋವೇ ಇಲ್ಲದವರ ಸ್ಕ್ಯಾನುಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು. 20ರ ವಯಸ್ಸಿನವರಲ್ಲೇ 37 ಶೇಕಡಾ ಜನರಿಗೆ ಡಿಸ್ಕ್ ಸವೆತ ಕಂಡಿತ್ತು, 80ರವರಲ್ಲಿ 96 ಶೇಕಡಾ. ಯಾರಿಗೂ ನೋವಿರಲಿಲ್ಲ! ಹಾಗಾಗಿ ರಿಪೋರ್ಟಿನ ಸಾಲುಗಳಲ್ಲಿ ಯಾವುದು ಈ ವ್ಯಕ್ತಿಯ ನೋವಿಗೆ ಹೊಂದುತ್ತದೆ ಎಂದು ಹುಡುಕಬೇಕು. ಉಳಿದದ್ದು ತಲೆಕೂದಲು ನೆರೆತ ಹಾಗೆ.

ಹೊಂದುವ ಸಾಲು ಎಲ್4-ಎಲ್5 ಹಂತದಲ್ಲಿತ್ತು. ಸೊಂಟದ ಐದು ಮೂಳೆಗಳಲ್ಲಿ ನಾಲ್ಕನೆಯದು ಐದನೆಯದರ ಮೇಲೆ ಸ್ವಲ್ಪ ಮುಂದಕ್ಕೆ ಜಾರಿದೆ, ನಾಳ ಕಿರಿದಾಗಿದೆ, ಹಿಂದಿನ ಪುಟ್ಟ ಕೀಲುಗಳಲ್ಲಿ ನೀರು ತುಂಬಿದೆ. ಡಿಸ್ಕ್ ಜಾರುವುದು ಬೇರೆ, ಮೂಳೆಯೇ ಜಾರುವುದು ಬೇರೆ. ಇಲ್ಲಿ ಆದದ್ದು ಎರಡನೆಯದು. ವಯಸ್ಸಾದಂತೆ ಡಿಸ್ಕ್ ತಗ್ಗುತ್ತದೆ, ಹಿಂದಿನ ಕೀಲುಗಳು ಸವೆಯುತ್ತವೆ, ಮೇಲಿನ ಮೂಳೆಯನ್ನು ತಡೆದು ನಿಲ್ಲಿಸುವ ಹಿಡಿತ ಸಡಿಲವಾಗುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಬಹಳ ಜಾಸ್ತಿ, ಅದರಲ್ಲೂ ಎಲ್4-ಎಲ್5ರಲ್ಲೇ.

ಕೀಲಿನಲ್ಲಿ ನೀರು ಕಂಡರೆ ಒಂದು ಪ್ರಶ್ನೆ ಏಳಬೇಕು: ಈ ಮೂಳೆ ಅಲ್ಲಾಡುತ್ತಿದೆಯಾ? ಎಂಆರ್‌ಐ ಮಲಗಿಸಿ ತೆಗೆಯುವುದು. ಮಲಗಿದಾಗ ಜಾರಿದ ಮೂಳೆ ಎಷ್ಟೋ ಸಲ ಹಿಂದಕ್ಕೆ ಹೋಗಿ ಕೂರುತ್ತದೆ. ನಿಂತಾಗ ನೋವಿದೆ ಎನ್ನುವವರನ್ನು ನಿಲ್ಲಿಸಿ ಚಿತ್ರ ತೆಗೆಯಬೇಕಲ್ವಾ? ಆದರೆ ಇವರಿಗೆ ಅಲ್ಲಿಯವರೆಗೆ ನಿಲ್ಲಿಸಿ ಒಂದು ಎಕ್ಸ್‌ರೇಯೂ ಆಗಿರಲಿಲ್ಲ. ಎಂಆರ್‌ಐಗೆ ಸಾವಿರಾರು ರೂಪಾಯಿ ಹೋಗಿತ್ತು, ಅದರ ಮುಂದೆ ಈ ಎಕ್ಸ್‌ರೇ ಖರ್ಚು ಏನೂ ಅಲ್ಲ. ನಿಂತು, ಮುಂದೆ ಬಗ್ಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇ ಬಂದಾಗ ವಿಷಯ ಸ್ಪಷ್ಟವಾಯಿತು. ಹಿಂದೆ ಬಾಗಿದಾಗ 4 ಮಿಲಿಮೀಟರ್ ಇದ್ದ ಜಾರುವಿಕೆ ಮುಂದೆ ಬಗ್ಗಿದಾಗ 9 ಮಿಲಿಮೀಟರ್. ಜಾರಿದ್ದು ಮೂಳೆಯ ಅಗಲದ ಕಾಲು ಭಾಗದೊಳಗೇ ಇದ್ದದ್ದರಿಂದ ಲೆಕ್ಕಕ್ಕೆ ಮೊದಲ ದರ್ಜೆ, ಅಂದರೆ ಕಡಿಮೆ ಜಾರಿದ್ದು. ಆದರೆ ಅಲ್ಲಾಟ ಇದೆ.

ಓದುವವರಿಗೆ ಇಲ್ಲಿ ಗೊಂದಲ ಆಗಬಹುದು. ಬಗ್ಗಿದಾಗ ಮೂಳೆ ಜಾಸ್ತಿ ಜಾರುತ್ತದೆ ಅಂದರೆ ಬಗ್ಗಿದಾಗಲೇ ನೋವು ಬರಬೇಕಲ್ಲ? ಕಾಲಿನ ನೋವು ನಾಳದ ಜಾಗದ್ದು. ಬಗ್ಗಿದಾಗ ಮೂಳೆ ಮುಂದೆ ಹೋದರೂ ಹಿಂಬದಿಯ ಪಟ್ಟಿ ಎಳೆದುಕೊಂಡು ಒಟ್ಟಿಗೆ ಜಾಗ ಜಾಸ್ತಿಯೇ ಆಗಿರುತ್ತದೆ. ಅಲ್ಲಾಟದ ನೋವು ಬೇರೆ, ಅದು ಸೊಂಟದಲ್ಲೇ ಬರುತ್ತದೆ. ಬಗ್ಗಿದ್ದವರು ಏಳುವ ಹೊತ್ತಿಗೆ ಛಳಕ್ ಎನ್ನುತ್ತದೆ. ಇವರು ಕೊಯ್ದು ಮುಗಿಸಿ ಎದ್ದು ನಿಲ್ಲುವಾಗ ಎರಡೂ ಕೈ ತೊಡೆಯ ಮೇಲೆ ಊರಿ ಒಂದೊಂದೇ ಹಂತ ಮೇಲೇಳುತ್ತಿದ್ದರು. ನಾನು ಕೇಳುವ ತನಕ ಅದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲು ಮಾಡಿದ್ದು

ಆಪರೇಷನ್ ಮಾತು ಬಂದದ್ದು ಕೊನೆಗೆ. ಎಣ್ಣೆ ತಿಕ್ಕಿಸಿದ್ದು, ಉಳುಕು ತೆಗೆಸಿದ್ದು ಎಲ್ಲ ಮೊದಲೇ ಆಗಿತ್ತು. ನಾನು ಹೊಟ್ಟೆಯ ಸ್ನಾಯು ಬಿಗಿಸುವ, ಮಂಡಿ ಎದೆಗೆ ತರುವ ವ್ಯಾಯಾಮ ಕೊಟ್ಟೆ. ನಡಿಗೆಯ ಬದಲು ಒಂದೇ ಕಡೆ ಇಟ್ಟು ತುಳಿಯುವ ಸೈಕಲ್ ಮಾಡಿಸಿದೆ. ಸೈಕಲ್ ಮೇಲೆ ಮುಂದಕ್ಕೆ ಬಾಗಿ ಕೂತು ಇಪ್ಪತ್ತು ನಿಮಿಷ ಆರಾಮಾಗಿ ತುಳಿದರು. ಅದೂ ರೋಗನಿರ್ಣಯಕ್ಕೆ ಇನ್ನೊಂದು ಸಾಕ್ಷಿ. ಬೆನ್ನಿನ ನೋವು ಸ್ವಲ್ಪ ಇಳಿಯಿತು, ನಡೆಯುವ ದೂರ ಹೆಚ್ಚಲಿಲ್ಲ. ನರದ ಹತ್ತಿರ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಾಗ ಕೆಲವು ವಾರ ಚೆನ್ನಾಗಿತ್ತು, ಆದರೆ ಸಕ್ಕರೆ ಏರಿತು. ನೋವಿನ ಮಾತ್ರೆ ದಿನಾ ತಿನ್ನುವುದು ಸಕ್ಕರೆ ಇರುವವರ ಕಿಡ್ನಿಗೆ ಒಳ್ಳೆಯದಲ್ಲ ಎಂದು ಅವರ ಡಾಕ್ಟರು ನಿಲ್ಲಿಸಿದ್ದರು.

ಈ ಹೊತ್ತಿಗೆ ಹೆಬ್ಬೆರಳಿನ ಶಕ್ತಿ ಇನ್ನಷ್ಟು ಇಳಿದಿತ್ತು. ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಮೂತ್ರ ಕಟ್ಟಿಕೊಂಡರೆ, ಗುಪ್ತಾಂಗದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಎರಡೂ ಕಾಲು ದಿಢೀರ್ ಸೋತರೆ ಅಪಾಯಿಂಟ್‌ಮೆಂಟ್ ಅಂತ ಕಾಯಬಾರದು. ಆ ದಿನವೇ ಎಮರ್ಜೆನ್ಸಿಗೆ ಹೋಗಬೇಕು. ಇವರಿಗೆ ಅದು ಯಾವುದೂ ಇರಲಿಲ್ಲ, ಆದ್ದರಿಂದ ಯೋಚಿಸಲು ಸಮಯ ಇತ್ತು.

ಎರಡು ಪ್ರಶ್ನೆ, ಎರಡೂ ಬೇರೆ ಬೇರೆ

ನನಗೆ ಅತ್ಯಂತ ಮುಖ್ಯ ಅನಿಸುವ ಭಾಗ ಇದು. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಬಂದು ಕೇಳಿದ್ದು, "ಕೀಹೋಲ್ ಮಾಡಿಸ್ಬಹುದಾ ಮೇಡಂ?" ಎಲ್ಲರೂ ಕೇಳುವುದು ಇದನ್ನೇ. ಆದರೆ ಇದಕ್ಕೂ ಮೊದಲಿನ ಪ್ರಶ್ನೆ ಒಂದಿದೆ: ಮೂಳೆಗಳನ್ನು ಬೆಸೆಯುವ, ಅಂದರೆ ಸ್ಕ್ರೂ ಹಾಕಿ ಎರಡು ಮೂಳೆ ಒಂದಾಗುವಂತೆ ಮಾಡುವ ಅಗತ್ಯ ಇದೆಯಾ? ಒಳಗೆ ಏನು ಮಾಡಬೇಕು ಎನ್ನುವುದು ಮೊದಲ ಪ್ರಶ್ನೆ. ಎಷ್ಟು ಸಣ್ಣ ಗಾಯದಿಂದ ಒಳಗೆ ಹೋಗಬೇಕು ಎನ್ನುವುದು ಎರಡನೆಯದು. ಗಾಯ ಸಣ್ಣದಾದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಾಗುವುದಿಲ್ಲ. ಬೇಡದ ಬೆಸುಗೆಯನ್ನು ಸಣ್ಣ ತೂತಿನಿಂದ ಮಾಡಿದರೂ ಅದು ಬೇಡದ ಬೆಸುಗೆಯೇ.

ಉಡುಪಿಯಲ್ಲಿ ನೋಡಿದ ಸರ್ಜನ್ ಮೊದಲು ಎಂಆರ್‌ಐ ಮಾತ್ರ ನೋಡಿ, ನರಕ್ಕೆ ಜಾಗ ಬಿಡಿಸಿದರೆ ಸಾಕು, ಸ್ಕ್ರೂ ಬೇಡ ಎಂದಿದ್ದರು. ಅದು ಬೇಜವಾಬ್ದಾರಿಯ ಮಾತಲ್ಲ. ಮೂಳೆ ಜಾರಿದವರಿಗೆಲ್ಲ ಸ್ಕ್ರೂ ಹಾಕುವ ಅಭ್ಯಾಸದ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. 2016ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಅಧ್ಯಯನ ಒಟ್ಟಿಗೆ ಬಂದವು. ಸ್ವೀಡನ್ನಿನದು, ಬೆಸೆದರೂ ಬೆಸೆಯದಿದ್ದರೂ ಎರಡು ವರ್ಷದ ನಂತರ ಫಲ ಒಂದೇ ಎಂದಿತು. ಅಮೆರಿಕದ್ದು, ಬೆಸೆದವರಿಗೆ ಸ್ವಲ್ಪ ಹೆಚ್ಚು ಅನುಕೂಲ, ಮತ್ತೆ ಆಪರೇಷನ್ ಬೇಕಾದವರೂ ಕಡಿಮೆ ಎಂದಿತು. 2021ರಲ್ಲಿ ನಾರ್ವೆಯಿಂದ 267 ಜನರ ಅಧ್ಯಯನ ಬಂತು. ಬರೀ ಜಾಗ ಬಿಡಿಸಿದವರಲ್ಲಿ ಸುಮಾರು 71 ಶೇಕಡಾ, ಬೆಸೆದವರಲ್ಲಿ ಸುಮಾರು 73 ಶೇಕಡಾ ಜನ ಚೆನ್ನಾಗಿ ಸುಧಾರಿಸಿದ್ದರು. ಅಂದರೆ ಹೆಚ್ಚಿನವರಿಗೆ ಸ್ಕ್ರೂ ಇಲ್ಲದೆಯೂ ನಡೆಯುತ್ತದೆ. ಡಾಕ್ಟರು "ಬೆಸೆಯಲೇಬೇಕು" ಎಂದರೆ "ನನಗೆ ಯಾಕೆ?" ಎಂದು ಕೇಳುವ ಹಕ್ಕು ರೋಗಿಗೆ ಇದೆ ಎನ್ನಲು ಈ ಅಂಕಿಗಳೇ ಸಾಕು.

ಇವರ ವಿಷಯದಲ್ಲಿ "ಯಾಕೆ"ಗೆ ಉತ್ತರ ಇತ್ತು. ಅಲ್ಲಾಟ 5 ಮಿಲಿಮೀಟರ್. ಏಳುವಾಗಿನ ಛಳಕು. ಕೀಲಿನಲ್ಲಿ ನೀರು. ಅದರ ಜೊತೆ ಡಿಸ್ಕ್ ತಗ್ಗಿ, ಬಲಬದಿಯಲ್ಲಿ ಎಲ್4 ನರ ಹೊರಬರುವ ಕಿಂಡಿಯೂ ಮುಚ್ಚಿದಂತಾಗಿತ್ತು. ಆ ಕಿಂಡಿ ತೆರೆಯಬೇಕಾದರೆ ಕೀಲನ್ನೇ ತೆಗೆಯಬೇಕು. ಕೀಲು ತೆಗೆದರೆ ಮೊದಲೇ ಅಲ್ಲಾಡುವ ಮೂಳೆ ಇನ್ನೂ ಸಡಿಲವಾಗುತ್ತದೆ. ಅಮೆರಿಕದ ಅಧ್ಯಯನ ಇಂಥ ಅಲ್ಲಾಟ ಇದ್ದವರನ್ನು ಸೇರಿಸಿಕೊಂಡಿರಲೇ ಇಲ್ಲ. ನಿಲ್ಲಿಸಿ ತೆಗೆದ ಎಕ್ಸ್‌ರೇ ತೋರಿಸಿದ ಮೇಲೆ ಉಡುಪಿಯ ಸರ್ಜನ್ನರೂ ಬೆಸೆಯುವುದೇ ಸರಿ ಎಂದರು. ಅವರು ಇನ್ನೊಂದು ಮಾತೂ ಹೇಳಿದರು: "ನನಗೆ ತೆರೆದು ಮಾಡಿ ಅಭ್ಯಾಸ. ಸಣ್ಣ ಗಾಯದಲ್ಲಿ ಮಾಡಿಸಬೇಕಾದರೆ ಅದನ್ನೇ ದಿನಾ ಮಾಡುವವರ ಹತ್ತಿರ ಹೋಗಿ." ಹೀಗೆ ಹೇಳುವ ಡಾಕ್ಟರ ಮೇಲೆ ನನಗೆ ಗೌರವ ಜಾಸ್ತಿಯಾಗುತ್ತದೆ.

ಸಣ್ಣ ಗಾಯದಿಂದ ನಿಜವಾಗಿ ಸಿಗುವುದೇನು? ರಕ್ತ ಕಡಿಮೆ ಹೋಗುತ್ತದೆ, ಸೋಂಕು ಕಡಿಮೆ, ಬೇಗ ಎದ್ದು ನಡೆಯಬಹುದು. ಸಕ್ಕರೆ ಇರುವವರಿಗೆ ಸೋಂಕಿನ ಮಾತು ದೊಡ್ಡದು. ಫಿಸಿಯೋಥೆರಪಿ ಮಾಡುವ ನನಗೆ ಇನ್ನೊಂದು ಕಾರಣ ಇದೆ: ಸ್ನಾಯು. ತೆರೆದು ಮಾಡುವಾಗ ನಡುಬೆನ್ನಿನಲ್ಲಿ ಉದ್ದಕ್ಕೆ ಕೊಯ್ದು, ಬೆನ್ನುಮೂಳೆಗೆ ಅಂಟಿಕೊಂಡ ಸ್ನಾಯುವನ್ನು ಬಿಡಿಸಿ, ಕಬ್ಬಿಣದ ಕೊಕ್ಕೆಯಿಂದ ಎರಡೂ ಕಡೆ ಎಳೆದು ಹಿಡಿಯಬೇಕು. ಗಂಟೆಗಟ್ಟಲೆ ಒತ್ತಡದಲ್ಲಿ ಸ್ನಾಯುವಿಗೆ ರಕ್ತ ಸಿಗುವುದಿಲ್ಲ. ಆಮೇಲೆ ಅದಕ್ಕೆ ಶಕ್ತಿ ತರಿಸಲು ಪಡುವ ಪಾಡು ನಮ್ಮದು. ಸ್ನಾಯುಗಳ ನಡುವಿನ ಸಂದಿಯಿಂದ ಹೋಗುವ ದಾರಿಯನ್ನು ವಿಲ್ಟ್ಸಿ ಎಂಬ ಸರ್ಜನ್ 1968ರಲ್ಲೇ ವಿವರಿಸಿದ್ದರು. 1990ರ ದಶಕದಲ್ಲಿ ಕೊಳವೆ ಬಂದ ಮೇಲೆ ಅದು ಇನ್ನೂ ಸಲೀಸಾಯಿತು.

ಆದರೆ ಎರಡು ವರ್ಷ ಕಳೆದ ಮೇಲೆ ನೋಡಿದರೆ ಎರಡೂ ವಿಧಾನದವರ ನೋವು, ಓಡಾಟ ಹೆಚ್ಚುಕಡಿಮೆ ಒಂದೇ. ಲಾಭ ಜಾಸ್ತಿ ಕಾಣುವುದು ಮೊದಲ ವಾರ, ತಿಂಗಳುಗಳಲ್ಲಿ. ಸಣ್ಣ ಗಾಯದಲ್ಲಿ ಸರ್ಜನ್ ಕಣ್ಣಿಗೆ ಕಾಣುವುದು ಕಡಿಮೆ, ಆದ್ದರಿಂದ ಎಕ್ಸ್‌ರೇ ಜಾಸ್ತಿ ಬೇಕು, ಕೈ ಪಳಗಲು ವರ್ಷಗಳು ಬೇಕು. ಕೊನೆಗೆ ಇವರು ಹೋದದ್ದು ಸಣ್ಣ ಗಾಯದಲ್ಲಿ ಮಾಡುವ ಮಂಗಳೂರಿನ ಸರ್ಜನ್ ಹತ್ತಿರ. ಇದನ್ನೆಲ್ಲ ಹೇಳಿಯೇ ಅವರು ಒಪ್ಪಿಗೆ ಪತ್ರ ಕೈಗೆ ಕೊಟ್ಟರು.

ಖರ್ಚಿನ ಬಗ್ಗೆ ಎರಡು ಮಾತು. ಸ್ಕ್ರೂ, ರಾಡ್, ಕೇಜ್ (ಡಿಸ್ಕಿನ ಜಾಗದಲ್ಲಿ ಕೂರಿಸುವ ಪುಟ್ಟ ಗೂಡು) ಇವೇ ಬಿಲ್ಲಿನ ದೊಡ್ಡ ಪಾಲು. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆದ ಅಂದಾಜು ಪಟ್ಟಿ ಮೊದಲೇ ಕೇಳಬೇಕು. ಖಾಸಗಿ ಪಾಲಿಸಿಗಳಲ್ಲಿ ಬೆನ್ನುಮೂಳೆ ಸವೆತಕ್ಕೆ ಕಾಯುವ ಅವಧಿ ಇರುವುದುಂಟು, ಅದನ್ನು ಓದಿಕೊಳ್ಳಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಮೊದಲೇ ಕಂಡು, ತಮ್ಮ ಆಪರೇಷನ್ ಅದರಲ್ಲಿ ಬರುತ್ತದಾ ಎಂದು ಕೇಳಿದರೆ ಕೊನೆಗೆ ಒದ್ದಾಟ ಇರುವುದಿಲ್ಲ. ಇವರಿಗೆ ಮಗನ ಕಂಪನಿಯ ವಿಮೆ ಇತ್ತು.

ಹೊಗೆಸೊಪ್ಪು

ತೀರ್ಮಾನ ಆದ ಮೇಲೂ ಆಪರೇಷನ್ ಮೂರು ತಿಂಗಳು ಮುಂದೆ ಹೋಯಿತು. ಮನೆಯವರಿಗೆ ಇದು ಅರ್ಥವಾಗಲಿಲ್ಲ. ಮಗನಿಗೆ ಸಿಟ್ಟೂ ಬಂತು. ಆದರೆ ಈ ಮೂರು ತಿಂಗಳು ಇಡೀ ಪ್ರಕರಣದಲ್ಲಿ ಚೆನ್ನಾಗಿ ಖರ್ಚಾದ ಸಮಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹೆಬ್ಬೆರಳಿನ ಶಕ್ತಿ ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದೆವು. ಇನ್ನೂ ಇಳಿದರೆ ಕಾಯುವುದು ಬೇಡ ಎಂದು ಸರ್ಜನ್ ಮೊದಲೇ ಹೇಳಿದ್ದರು.

ಮೂರು ತಿಂಗಳ ಸರಾಸರಿ ಸಕ್ಕರೆ, ಎಚ್‌ಬಿಎ1ಸಿ, 8.9 ಇತ್ತು. ಅದು 7.2ಕ್ಕೆ ಬಂತು. ಮೂಳೆಯ ಸಾಂದ್ರತೆ ನೋಡಿದರೆ ಕಡಿಮೆ, ಆದರೆ ಪೂರ್ತಿ ಟೊಳ್ಳಾಗಿರಲಿಲ್ಲ. ಅಂಡಾಶಯ ಬೇಗ ತೆಗೆದವರಲ್ಲಿ ಇದು ನಿರೀಕ್ಷಿತವೇ. ವಿಟಮಿನ್ ಡಿ ಕೂಡ ಕಡಿಮೆ. ಸ್ಕ್ರೂ ಹಿಡಿದು ನಿಲ್ಲುವುದು ಮೂಳೆಯಲ್ಲಿ, ಮೂಳೆ ಮೆತ್ತಗಿದ್ದರೆ ಅದು ಸಡಿಲವಾಗುತ್ತದೆ. ಅದಕ್ಕೂ ಔಷಧ ಶುರುವಾಯಿತು.

ಆಸ್ಪತ್ರೆಯ ಫಾರ್ಮಿನಲ್ಲಿ "ಧೂಮಪಾನ" ಎನ್ನುವ ಕಡೆ ಇಲ್ಲ ಎಂದಿತ್ತು. ನಿಜ, ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಒಂದು ದಿನ ವ್ಯಾಯಾಮಕ್ಕೆ ಬಂದವರು ಸೆರಗಿನ ಗಂಟು ಬಿಚ್ಚಿ ಎಲೆಅಡಿಕೆ ತೆಗೆದರು. ಎಲೆ, ಅಡಿಕೆ, ಸುಣ್ಣ, ಜೊತೆಗೆ ಹೆಬ್ಬೆರಳಿನಷ್ಟು ಹೊಗೆಸೊಪ್ಪು. "ಇದು ದಿನಕ್ಕೆ ಎಷ್ಟು ಸಲ ಅಮ್ಮ?" ಎಂದೆ. "ಹೂ ಕಟ್ಟುವಾಗ ಬಾಯಿ ಖಾಲಿ ಇರ್ತದಾ?" ಎಂದರು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಹೊಸ ಮೂಳೆ ಬೆಳೆಯಲು ಬೇಕಾದ ರಕ್ತ ಸಿಗುವುದಿಲ್ಲ. ಸಿಗರೇಟು ಸೇದುವವರಲ್ಲಿ ಬೆಸುಗೆ ಕೂಡದೆ ಉಳಿಯುವುದು ಜಾಸ್ತಿ ಎಂದು ಚೆನ್ನಾಗಿ ಗೊತ್ತಿದೆ. ಹೊಗೆಸೊಪ್ಪಿನಲ್ಲೂ ಇರುವುದು ಅದೇ ನಿಕೋಟಿನ್. ಸರ್ಜನ್‌ಗೆ ಫೋನ್ ಮಾಡಿದಾಗ, ಪೂರ್ತಿ ಬಿಟ್ಟ ಮೇಲೇ ಆಪರೇಷನ್ ಎಂದರು.

ಬಿಡುವುದು ಸುಲಭ ಇರಲಿಲ್ಲ. ಕೈ ಕೆಲಸ ಮಾಡುವಾಗ ಬಾಯಿಗೆ ಏನಾದರೂ ಬೇಕು ಅನ್ನುವುದು ನಲವತ್ತು ವರ್ಷದ ಅಭ್ಯಾಸ. ಸೊಸೆ ಲವಂಗ, ಹುರಿದ ಜೀರಿಗೆ ಒಂದು ಡಬ್ಬಿಯಲ್ಲಿ ತುಂಬಿಸಿ ಪಕ್ಕದಲ್ಲಿಡುತ್ತಿದ್ದರು. ಗಂಡನೂ ಮನೆಯೊಳಗೆ ಎಲೆಅಡಿಕೆ ಹಾಕುವುದು ನಿಲ್ಲಿಸಿದರು. ಕರಾವಳಿಯಲ್ಲಿ ಮೂಳೆ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯ ಫಾರ್ಮಿನಲ್ಲಿ "ಹೊಗೆಸೊಪ್ಪು ಹಾಕ್ತೀರಾ?" ಎಂಬ ಪ್ರಶ್ನೆ ಇರಬೇಕು. ಹೆಂಗಸರನ್ನು ಯಾರೂ ಕೇಳುವುದೇ ಇಲ್ಲ.

ಆಪರೇಷನ್

ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯ ಮೇಲೆ ಒತ್ತಡ ಬೀಳದ ಹಾಗೆ ಬೋರಲಾಗಿ ಮಲಗಿಸುತ್ತಾರೆ. ಹೊಟ್ಟೆ ಒತ್ತಿದರೆ ಬೆನ್ನಿನ ಸಿರೆಗಳಲ್ಲಿ ರಕ್ತ ತುಂಬಿ ಜಾಸ್ತಿ ಸೋರುತ್ತದೆ. ಎಕ್ಸ್‌ರೇ ಯಂತ್ರದಲ್ಲಿ ಹಂತ ಸರಿಯಾಗಿ ಗುರುತು ಹಾಕಿ, ನಡುಗೆರೆಯಿಂದ ಆಚೆ ಎರಡೂ ಬದಿಯಲ್ಲಿ ಸುಮಾರು 3 ಸೆಂಟಿಮೀಟರ್ ಗಾಯ. ತೆಳ್ಳಗಿನ ಕೊಳವೆಯ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು, ಹೀಗೆ ಸ್ನಾಯುವನ್ನು ಕತ್ತರಿಸದೆ ಸರಿಸುತ್ತ ಹೋಗಿ, ಕೊನೆಗೆ 22 ಮಿಲಿಮೀಟರ್ ಕೊಳವೆ ನಿಲ್ಲುತ್ತದೆ. ಮುಂದಿನ ಕೆಲಸ ಎಲ್ಲ ಆ ಕೊಳವೆಯೊಳಗೆ, ಸೂಕ್ಷ್ಮದರ್ಶಕದ ಕೆಳಗೆ.

ನೋವು ಜಾಸ್ತಿ ಇದ್ದ ಬಲಬದಿಯಿಂದ ಹೋದರು. ಸವೆದ ಕೀಲು ತೆಗೆದರು. ಆ ಮೂಳೆಯನ್ನು ಬಿಸಾಡುವುದಿಲ್ಲ, ಚೂರು ಮಾಡಿ ಆಮೇಲೆ ತುಂಬಿಸಲು ಇಟ್ಟುಕೊಳ್ಳುತ್ತಾರೆ. ದಪ್ಪ ಹಳದಿ ಪಟ್ಟಿ ತೆಗೆದು ಎಲ್5 ನರ ಬಿಡಿಸಿದರು, ಕೊಳವೆಯನ್ನು ಓರೆ ಮಾಡಿ ಎಡಬದಿಯ ಒತ್ತಡವನ್ನೂ ಅಲ್ಲಿಂದಲೇ ಇಳಿಸಿದರು. ನಂತರ ಡಿಸ್ಕ್ ಪೂರ್ತಿ ಕೆರೆದು, ಆ ಜಾಗದಲ್ಲಿ ಅವರದೇ ಮೂಳೆ ಚೂರು ತುಂಬಿದ ಕೇಜ್ ಕೂರಿಸಿದರು. ಡಿಸ್ಕಿನ ಎತ್ತರ ವಾಪಸ್ ಬಂದಾಗ ಎಲ್4 ನರದ ಕಿಂಡಿಯೂ ತೆರೆಯಿತು. ಕೊನೆಗೆ ನಾಲ್ಕು ಸ್ಕ್ರೂ, ಎರಡು ರಾಡ್. ಮೂರು ಗಂಟೆ ಚಿಲ್ಲರೆ ಹಿಡಿಯಿತು. ರಕ್ತ ಕೊಡಬೇಕಾಗಲಿಲ್ಲ.

ಸ್ಕ್ರೂ ರಾಡ್ ಹಾಕಿದ ಕೂಡಲೇ ಬೆಸುಗೆ ಆಯಿತು ಎಂದು ತುಂಬ ಜನ ತಿಳಿದಿದ್ದಾರೆ. ಅವು ತಾತ್ಕಾಲಿಕ ಆಧಾರ ಮಾತ್ರ. ಬೆಸುಗೆ ಅಂದರೆ ಎರಡು ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಒಂದಾಗುವುದು. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಅಷ್ಟರೊಳಗೆ ಮೂಳೆ ಕೂಡದಿದ್ದರೆ ಎಷ್ಟು ಗಟ್ಟಿ ಸ್ಕ್ರೂ ಆದರೂ ಒಂದು ದಿನ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಮನೆಗೆ ಬಂದ ಮೇಲೆ

ಮರುದಿನ ಬೆಳಿಗ್ಗೆ ವಾಕರ್ ಹಿಡಿದು ನಡೆದರು. ನಾಲ್ಕನೇ ದಿನ ಡಿಸ್ಚಾರ್ಜ್. ಮಂಗಳೂರಿನಿಂದ ಹೆದ್ದಾರಿಯಲ್ಲಿ ಕಟಪಾಡಿಯವರೆಗೆ ಬಂದು ಒಳಗೆ ತಿರುಗುವ ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಿ ಇಳಿಸಿ ನಡೆಸಿ ಎಂದು ಹೇಳಿದ್ದೆ, ಹಾಗೇ ಮಾಡಿದರು. ಕಾಲಿಗೆ ಎಳೆಯುತ್ತಿದ್ದ ನೋವು ಆಸ್ಪತ್ರೆಯಲ್ಲೇ ಹೋಗಿತ್ತು. ಎಲ್ಲರಿಗೂ ಖುಷಿ.

ಮೂರನೇ ವಾರ ರಾತ್ರಿ ಸೊಸೆಯ ಫೋನ್. ಬಲಗಾಲಿನಲ್ಲಿ ಮತ್ತೆ ನೋವು, ಈ ಸಲ ತೊಡೆಯ ಮುಂಭಾಗದಿಂದ ಮೊಣಕಾಲಿನ ತನಕ ಉರಿ. ಸೀರೆ ತಾಗಿದರೂ ಆಗುವುದಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ಆಪರೇಷನ್ ಫೇಲ್ ಆಯಿತು ಎಂದು ಕೂತಿದ್ದರು. ಜ್ವರ ಇಲ್ಲ, ಗಾಯ ಒಣಗಿದೆ, ಕಾಲಿನ ಶಕ್ತಿ ಇಳಿದಿಲ್ಲ, ಮೂತ್ರ ಸರಿ ಇದೆ. ಇವಿಷ್ಟು ಫೋನಿನಲ್ಲೇ ಕೇಳಿ ಬೆಳಿಗ್ಗೆ ಮಂಗಳೂರಿಗೆ ಕಳಿಸಿದೆ. ಎಕ್ಸ್‌ರೇಯಲ್ಲಿ ಸ್ಕ್ರೂ, ಕೇಜ್ ಇದ್ದಲ್ಲೇ ಇದ್ದವು. ಎಲ್4 ನರವನ್ನು ಹತ್ತಿರದಿಂದ ಹಾದು ಕೆಲಸ ಮಾಡಿದಾಗ ಅದು ಕೆರಳಿ ಹೀಗೆ ಉರಿಯುವುದುಂಟು. ನರದ ಮಾತ್ರೆ ಹೆಚ್ಚಿಸಿದರು, ಎರಡು ಮೂರು ವಾರದಲ್ಲಿ ಇಳಿಯಿತು. ಈ ಸಾಧ್ಯತೆಯನ್ನು ಡಿಸ್ಚಾರ್ಜ್ ದಿನವೇ ಮನೆಯವರಿಗೆ ಒಂದು ಸಾಲಿನಲ್ಲಿ ಹೇಳಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ನಿಜವಾದ ಕಷ್ಟ ಶುರುವಾದದ್ದು ನೋವು ಹೋದ ಮೇಲೆ. ಮೊದಲ ಮೂರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು. ಒಂದೂವರೆ ವರ್ಷ ಅವರಿಗೆ ಆರಾಮ ಕೊಟ್ಟದ್ದೇ ಬಗ್ಗುವುದು. ಈಗ ಅದೇ ಬೇಡ ಎಂದರೆ ದೇಹ ಕೇಳುವುದಿಲ್ಲ. ನಿಂತಾಗ ತಾನಾಗಿ ಮುಂದಕ್ಕೆ ವಾಲುತ್ತಿದ್ದರು. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ನೆಟ್ಟಗೆ ನಿಲ್ಲುವುದು ಹೇಗೆ ಎನ್ನುವುದನ್ನೇ ಮತ್ತೆ ಕಲಿಸಬೇಕಾಯಿತು. ಸೊಂಟದಿಂದ ಬಗ್ಗುವ ಬದಲು ತೊಡೆಸಂದಿನಿಂದ ಮಡಚಿ, ಮಂಡಿ ಬಗ್ಗಿಸಿ ಇಳಿಯುವುದನ್ನು ಕಲಿಸಿದೆ. ಬಚ್ಚಲಿನಲ್ಲಿ ಬಕೆಟ್ಟನ್ನು ಸ್ಟೂಲಿನ ಮೇಲೆ ಇಡಿಸಿದೆ.

ನೆಲದ ಮೇಲೆ ಕೂತು ಹೂ ಕಟ್ಟುವುದು ಇನ್ನೊಂದು ಸಮಸ್ಯೆ. ಎಷ್ಟು ಹೇಳಿದರೂ ಎರಡನೇ ತಿಂಗಳಲ್ಲೇ ಕದ್ದು ಕೂತಿದ್ದರು. ಬೈದು ಪ್ರಯೋಜನ ಇಲ್ಲ, ಹಬ್ಬದ ಸಮಯ, ಹೂವಿಗೆ ಒಳ್ಳೆಯ ರೇಟು. ಮಗ ಕುರ್ಚಿಯ ಎತ್ತರಕ್ಕೆ ಸರಿಯಾಗಿ ಒಂದು ಮೇಜು ಮಾಡಿಸಿದ. ನಾರು ಹಿಡಿಯಲು ಕಾಲಿನ ಹೆಬ್ಬೆರಳು ಬೇಕೆಂದು ಅವರ ತಕರಾರು. ಮೇಜಿನ ಅಂಚಿಗೆ ಒಂದು ಮೊಳೆ ಹೊಡೆದು ನಾರು ಕಟ್ಟಿಕೊಟ್ಟ ಮೇಲೆ ಒಪ್ಪಿದರು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು.

ಒಂದು ವರ್ಷದ ನಂತರ

ಸೊಂಟ ನೋವಿನಿಂದ ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ಅಳೆಯಲು ಆಸ್ವೆಸ್ಟ್ರಿ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ನೂರರಲ್ಲಿ ಅಂಕ ಜಾಸ್ತಿ ಆದಷ್ಟೂ ಅಡ್ಡಿ ಜಾಸ್ತಿ. ಆಪರೇಷನ್‌ಗೆ ಮೊದಲು 58 ಇತ್ತು, ಆರು ತಿಂಗಳಿಗೆ 30, ವರ್ಷಕ್ಕೆ 22. ಸೊನ್ನೆ ಆಗಿಲ್ಲ, ಆಗುತ್ತದೆ ಎಂದು ಯಾರೂ ಹೇಳಿರಲೂ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಕೇಜಿನ ಒಳಗೂ ಸುತ್ತಲೂ ಮೂಳೆ ಕೂಡಿಕೊಂಡದ್ದು ಕಾಣುತ್ತಿದೆ. ಬಸ್‌ಸ್ಟ್ಯಾಂಡಿಗೆ ಎಲ್ಲೂ ಕೂರದೆ ಹೋಗುತ್ತಾರೆ. ಹೆಬ್ಬೆರಳಿನ ಶಕ್ತಿ ಬಹುಪಾಲು ಬಂದಿದೆ, ಚಪ್ಪಲಿ ಜಾರುವುದಿಲ್ಲ. ಅಂಗಾಲಿನ ಜೋಮು ಹಾಗೇ ಇದೆ, ಅದು ಸಕ್ಕರೆಯದು.

ನನ್ನ ಕಣ್ಣು ಈಗ ಇರುವುದು ಮೇಲಿನ ಹಂತದ ಮೇಲೆ. ಒಂದು ಕೀಲು ಬೆಸೆದ ಮೇಲೆ ಅದರ ಪಾಲಿನ ಅಲುಗಾಟ ಮೇಲಿನ, ಕೆಳಗಿನ ಕೀಲುಗಳಿಗೆ ಹೋಗುತ್ತದೆ. ವರ್ಷ ಕಳೆದಂತೆ ಕೆಲವರಲ್ಲಿ ಅಲ್ಲೂ ಸವೆತ ಬಂದು ಮತ್ತೆ ಆಪರೇಷನ್ ಬೇಕಾಗುತ್ತದೆ. ಇವರ ಎಲ್3-ಎಲ್4ರಲ್ಲಿ ಮೊದಲೇ ಸ್ವಲ್ಪ ಕಿರಿದು ಇತ್ತು. ಆದ್ದರಿಂದ ವರ್ಷಕ್ಕೊಮ್ಮೆ ನಿಲ್ಲಿಸಿ ಎಕ್ಸ್‌ರೇ, ಮೂರು ತಿಂಗಳಿಗೊಮ್ಮೆ ಸಕ್ಕರೆ, ದಿನಾ ನಡಿಗೆ ಮತ್ತು ಹೊಟ್ಟೆಯ ಸ್ನಾಯುವಿನ ವ್ಯಾಯಾಮ. ಮೂಳೆಯ ಔಷಧ ಮುಂದುವರಿದಿದೆ, ನೋವಿನ ಮಾತ್ರೆ ಇಲ್ಲ.

ತೋಟದ ಕೆಲಸಕ್ಕೆ ಏಳನೇ ತಿಂಗಳಲ್ಲಿ ಮರಳಿದರು. ಕೊಯ್ಯುವುದು ಮಾತ್ರ ಅವರದು. ಗೊಬ್ಬರದ ಬುಟ್ಟಿ, ನೀರಿನ ಪೈಪು ಗಂಡ ನೋಡಿಕೊಳ್ಳುತ್ತಾರೆ. ಗಿಡ ಸವರುವ ಸಮಯದಲ್ಲಿ ಎರಡು ಸಾಲಿನ ನಡುವೆ ಸ್ಟೂಲು ಇಡುವಷ್ಟು ಜಾಗ ಬಿಟ್ಟಿದ್ದಾರೆ, ಕೆಳಗಿನ ಕೊಂಬೆಯ ಮೊಗ್ಗುಗಳನ್ನು ಕೂತೇ ಕೊಯ್ಯುತ್ತಾರೆ. ಎಲೆಅಡಿಕೆ ಒಂದೆರಡು ಸಲ ಶುರುವಾಗಿ ನಿಂತಿದೆ, ಹೊಗೆಸೊಪ್ಪು ಮಾತ್ರ ಮನೆಗೆ ಬಂದಿಲ್ಲ ಎಂದು ಸೊಸೆ ಹೇಳಿದ್ದಾರೆ.